ಆ್ಯಪ್ ಇದ್ದರೂ ಜನ ಫೋನ್ ಮಾಡಿಯೇ ಕೇಳುತ್ತಾರೆ, ಏನು ಮಾಡೋದು?

ಪ್ರಶ್ನೆ: ನಾವು ಮೂವರು ಗೆಳೆಯರು. ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಟ್ರ್ಯಾಕ್ಟರ್, ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ), ಕಟಾವು ಯಂತ್ರಗಳನ್ನು ಬಾಡಿಗೆಗೆ ಗೊತ್ತುಮಾಡಿಕೊಡುವ ಆ್ಯಪ್ ಮಾಡಿದ್ದೇವೆ. ಮಾಡುವ ಮೊದಲು ಎರಡು ದಿನದ ಡಿಸೈನ್ ಥಿಂಕಿಂಗ್ (ಬಳಸುವವರನ್ನು ಅರಿತು ವಸ್ತು ರೂಪಿಸುವ ಕ್ರಮ) ಕಾರ್ಯಾಗಾರಕ್ಕೆ ಹೋಗಿದ್ದೆವು. ಗೋಡೆ ತುಂಬ ಹಳದಿ ಚೀಟಿ ಅಂಟಿಸಿ, ‘ರಾಮಣ್ಣ, 45 ವರ್ಷ, 3 ಎಕರೆ ಜಮೀನು’ ಅಂತ ಒಬ್ಬ ರೈತನನ್ನು ಕಲ್ಪಿಸಿಕೊಂಡೆವು. ಆ್ಯಪ್ ಪೂರ್ತಿ ಕನ್ನಡದಲ್ಲಿದೆ. ಮೊದಲ ತಿಂಗಳಲ್ಲೇ ಸಾವಿರ ಡೌನ್‌ಲೋಡ್ ದಾಟಿತು. ಆದರೆ ಅದರಲ್ಲಿ ಬುಕ್ ಆದದ್ದು ಇಪ್ಪತ್ತೂ ಇಲ್ಲ. ‘ಸಂಪರ್ಕಿಸಿ’ ಪುಟದಲ್ಲಿರುವ ನಮ್ಮ ನಂಬರಿಗೆ ಮಾತ್ರ ದಿನವಿಡೀ ಫೋನ್. ಆ್ಯಪಲ್ಲೇ ಮಾಡಿ ಅಂದರೆ ‘ನೀವೇ ಮಾಡ್ಕೊಡಿ’ ಅನ್ನುತ್ತಾರೆ. ನಮ್ಮ ಜನ ಇನ್ನೂ ಆ್ಯಪ್‌ಗೆ ತಯಾರಿಲ್ಲವಾ? ಡಿಸೈನ್ ಥಿಂಕಿಂಗ್ ಎಲ್ಲ ದೊಡ್ಡ ಕಂಪನಿಗಳಿಗಷ್ಟೇನಾ? ವಾಯ್ಸ್ ಹಾಕಿದರೆ ಸರಿಹೋಗುತ್ತಾ? ಬಟನ್ ಮೇಲೆ ‘ಕಾಯ್ದಿರಿಸಿ’ ಅನ್ನಬೇಕಾ, ‘ಬುಕ್ ಮಾಡಿ’ ಅನ್ನಬೇಕಾ ಅಂತ ನಮ್ಮೊಳಗೆ ಜಗಳ ಬೇರೆ.

ಉತ್ತರ: ನೀವು ದೂರಿನ ಹಾಗೆ ಬರೆದಿರುವ ಒಂದು ಸಾಲು ನನಗೆ ಒಳ್ಳೇ ಸುದ್ದಿಯಾಗಿ ಕಂಡಿತು. ದಿನವಿಡೀ ಫೋನ್ ಬರುತ್ತಿದೆ! ಅಂದರೆ ಗಾಡಿ ಬೇಕಾದವರಿದ್ದಾರೆ. ನಿಮ್ಮನ್ನು ಕೇಳಿದರೆ ಸಿಗುತ್ತದೆ ಅನ್ನುವ ನಂಬಿಕೆಯೂ ಬಂದಿದೆ. ಎಷ್ಟೋ ಆ್ಯಪ್‌ಗಳಿಗೆ ಆ ಫೋನೂ ಬರುವುದಿಲ್ಲ. ಜನ ತಮಗೆ ಅನುಕೂಲವಾದ ಕಾಲುದಾರಿಯನ್ನು ಆಗಲೇ ತುಳಿದಿದ್ದಾರೆ. ನೀವು ಅದಕ್ಕೆ ಬೇಲಿ ಹಾಕಿ, ನೀವು ಮಾಡಿದ ರಸ್ತೆಗೆ ಬನ್ನಿ ಅಂತ ಕರೆಯುತ್ತಿದ್ದೀರಿ.

‘ನಮ್ಮ ಜನ ತಯಾರಿಲ್ಲ’ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. ಯುಪಿಐ ಶುರುವಾದದ್ದು 2016ರಲ್ಲಿ. ಇವತ್ತು ನಿಮ್ಮ ತಾಲ್ಲೂಕಿನ ಸಂತೆಯಲ್ಲಿ ಸೊಪ್ಪಿನ ಕಟ್ಟಿನ ಪಕ್ಕ ಕ್ಯೂಆರ್ ಕೋಡ್ ಇರುತ್ತದೆ. ಅದನ್ನು ಇಟ್ಟುಕೊಂಡಿರುವ ಅಜ್ಜಿ ಯಾವ ತರಬೇತಿಗೂ ಹೋಗಿಲ್ಲ. ಇನ್ನೊಂದು ಸಂಗತಿ ನೋಡಿ. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಕೀಪ್ಯಾಡ್ ಫೋನಿನವರಿಗಾಗಿ ಯುಪಿಐ 123ಪೇ ತಂದಿತು. ಅದರಲ್ಲಿರುವ ದಾರಿಗಳಲ್ಲಿ ಒಂದು ಐವಿಆರ್ (ರೆಕಾರ್ಡ್ ಆದ ದನಿ ಹೇಳಿದಂತೆ ಗುಂಡಿ ಒತ್ತುವ) ನಂಬರಿಗೆ ಕರೆ ಮಾಡುವುದು, ಇನ್ನೊಂದು ಮಿಸ್ಡ್ ಕಾಲ್ ಕೊಡುವುದು. ಜನಕ್ಕೆ ಆಗಲೇ ರೂಢಿಯಾಗಿದ್ದ ಕೆಲಸದ ಮೇಲೇ ಹಣ ಕಳಿಸುವ ವ್ಯವಸ್ಥೆ ಕಟ್ಟಿದರು. ನಿಮಗೆ ಬರುವ ಫೋನ್ ಕರೆಗಳನ್ನೂ ಆ ಕಣ್ಣಿನಿಂದಲೇ ನೋಡಬೇಕು.

ಇನ್ನು ಡಿಸೈನ್ ಥಿಂಕಿಂಗ್. ಇದಕ್ಕೆ ಬೇಕಿಲ್ಲದ ಹೊಳಪು ಬಂದಿದೆ, ಅದು ನಿಜ. ವಿನ್ಯಾಸವನ್ನು ಒಂದು ಯೋಚನೆಯ ಕ್ರಮವಾಗಿ ನೋಡುವ ಮಾತನ್ನು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1969ರಷ್ಟು ಹಿಂದೆಯೇ ಬರೆದಿದ್ದರು. ಆಮೇಲೆ ವಿನ್ಯಾಸದ ಕೆಲಸ ಮಾಡುವ ಐಡಿಯೋ ಕಂಪನಿ, ಸ್ಟ್ಯಾನ್‌ಫರ್ಡಿನ ವಿನ್ಯಾಸ ಶಾಲೆ ಡಿ.ಸ್ಕೂಲ್ ಅದನ್ನು ಊರೂರಿಗೆ ಹಬ್ಬಿಸಿದವು. ಬಳಸುವವರನ್ನು ಅರಿಯುವುದು, ಸಮಸ್ಯೆ ಗುರುತಿಸುವುದು, ಉಪಾಯ ಹುಡುಕುವುದು, ಮಾದರಿ ಮಾಡುವುದು, ಪರೀಕ್ಷಿಸುವುದು ಅನ್ನುವ ಐದು ಹಂತ ನಿಮಗೂ ಹೇಳಿಕೊಟ್ಟಿರುತ್ತಾರೆ. ತೊಂದರೆ ಏನೆಂದರೆ, ಕಾರ್ಯಾಗಾರದಲ್ಲಿ ಐದೂ ಹಂತ ಎರಡು ದಿನದಲ್ಲಿ, ಒಂದೇ ಕೋಣೆಯಲ್ಲಿ ಮುಗಿದುಹೋಗುತ್ತವೆ. ನಿಮ್ಮ ರಾಮಣ್ಣ ಹುಟ್ಟಿದ್ದೂ ಆ ಕೋಣೆಯಲ್ಲೇ. ಅವನಿಗೆ ಸಾಲ ಇಲ್ಲ, ಅವನ ಫೋನ್ ಮಗನ ಕೈಯಲ್ಲಿ ಇರುವುದಿಲ್ಲ, ಮಳೆ ಬರುತ್ತೋ ಇಲ್ಲವೋ ಅನ್ನುವ ಚಿಂತೆಯೂ ಅವನಿಗಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ನಿಮಗೆ ಫೋನ್ ಮಾಡುವವರು ಹಾಗಲ್ಲ ಅಲ್ವಾ?

ಹಾಗಾಗಿ ನನ್ನ ಮೊದಲ ಸಲಹೆ: ಒಂದು ವಾರ ಕೋಡ್ ಮುಟ್ಟಬೇಡಿ. ಒಂದು ನೋಟ್‌ಬುಕ್ ತಗೊಂಡು, ಬಂದ ಪ್ರತಿ ಕರೆಯನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಗ್ರಾಹಕರು ಲಭ್ಯತೆ ವಿಚಾರಿಸಿದರು’ ಅಂತ ಬರೆದರೆ ಪ್ರಯೋಜನ ಇಲ್ಲ. ಇಂಥದ್ದೇ ಕೆಲಸಕ್ಕೆ ಹೋದಾಗ ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಒಂದು ಕರೆ ಹೆಚ್ಚುಕಡಿಮೆ ಹೀಗಿತ್ತು:

“ಅಣ್ಣಾ, ರೋಟವೇಟರ್ ಬೇಕಿತ್ತು.”

“ಯಾವತ್ತಿಗೆ?”

“ಹದ ಬಂದ್ಮೇಲೆ. ಸಂಜೆ ಮಳೆ ಬರೋ ಹಂಗಿದೆ. ಬಂದ್ರೆ ನಾಡಿದ್ದು, ಬರ್ದಿದ್ರೆ ಇಲ್ಲ.”

“ಎಷ್ಟು ಜಮೀನು?”

“ಎರಡು ಇಪ್ಪತ್ತು.”

“ಜಾಗ?”

“ಕೆರೆ ಏರಿ ದಾಟಿ ಫೋನ್ ಮಾಡ್ಲಿ, ನಾನೇ ಬರ್ತೀನಿ. ಅಂದಂಗೆ, ಯಾರ ಗಾಡಿ ಕಳಿಸ್ತೀರಾ?”

ಅರ್ಧ ನಿಮಿಷದ ಮಾತು. ನಿಮ್ಮ ಆ್ಯಪಿನ ಫಾರಂ ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಿ. ಇಂಥ ಫಾರಂ ಸಾಮಾನ್ಯವಾಗಿ ಮೊದಲು ತಾರೀಕು ಕೇಳುತ್ತದೆ. ಆದರೆ ಉಳುಮೆಗೆ ತಾರೀಕು ಇರುವುದಿಲ್ಲ, ಹದ ಇರುತ್ತದೆ. ಮಣ್ಣು ಕೆಸರಾಗಿದ್ದರೆ ಗಾಡಿ ಹೂತುಕೊಳ್ಳುತ್ತದೆ, ಒಣಗಿದರೆ ಹೆಂಟೆ ಏಳುತ್ತದೆ. ನಡುವೆ ಸಿಗುವುದು ಒಂದೆರಡು ದಿನ. ಕ್ಯಾಲೆಂಡರ್ ತೋರಿಸಿ ‘ದಿನಾಂಕ ಆಯ್ಕೆಮಾಡಿ’ ಅಂದರೆ ರೈತ ಏನು ಒತ್ತಬೇಕು? ಸುಮ್ನೆ ಯಾವುದೋ ದಿನ ಒತ್ತಿ ಆಮೇಲೆ ರದ್ದು ಮಾಡಬೇಕು, ಇಲ್ಲ ನಿಮಗೆ ಫೋನ್ ಮಾಡಬೇಕು. ಅವರು ಎರಡನೆಯದನ್ನು ಮಾಡಿದ್ದಾರೆ. ‘ಮಳೆ ಬಂದರೆ ಹೇಳ್ತೀನಿ, ಸದ್ಯ ಸಾಲಿನಲ್ಲಿ ಹೆಸರಿರಲಿ’ ಅನ್ನುವ ಆಯ್ಕೆ ನಿಮ್ಮ ಆ್ಯಪಿನಲ್ಲಿ ಇದೆಯಾ?

ಜಾಗದ ವಿಷಯವೂ ಹಾಗೇ. ನೀವು ಮ್ಯಾಪಿನ ಮೇಲೆ ಪಿನ್ ಹಾಕಿ ಅನ್ನುತ್ತಿರಬಹುದು. ಫೋನ್ ಹಿಡಿದವರು ಆಗ ಮನೆಯಲ್ಲಿರುತ್ತಾರೆ, ಹೊಲ ಎರಡು ಮೈಲಿ ಆಚೆ ಇರುತ್ತದೆ. ಪಿನ್ ಬೀಳುವುದು ಮನೆಯ ಮೇಲೆ. ಗಾಡಿ ಹೋಗಲು ದಾರಿ ಇದೆಯಾ, ಪಕ್ಕದವರ ಹೊಲದಲ್ಲಿ ಬೆಳೆ ನಿಂತಿದೆಯಾ ಅನ್ನುವುದು ಆ ಪಿನ್ನಿಗೆ ಗೊತ್ತಿಲ್ಲ. ಕೊನೆಯ ಪ್ರಶ್ನೆಯಂತೂ ಎಲ್ಲಕ್ಕಿಂತ ಮುಖ್ಯ: ಯಾರ ಗಾಡಿ? ಡ್ರೈವರ್ ಯಾರು ಅಂತ ಗೊತ್ತಾದರೆ ಬದು ಒಡೆಯುತ್ತಾನೋ ಇಲ್ಲವೋ, ಎಷ್ಟು ಆಳಕ್ಕೆ ಬಿಡುತ್ತಾನೆ, ದುಡ್ಡಿಗೆ ಬೆಳೆ ಮಾರುವ ತನಕ ಕಾಯುತ್ತಾನಾ ಅನ್ನುವುದೂ ಗೊತ್ತಾಗುತ್ತದೆ. ಇಂಥ ಆ್ಯಪ್ ಸಾಮಾನ್ಯವಾಗಿ ತೋರಿಸುವುದು ಎಷ್ಟು ಎಚ್‌ಪಿ ಅಂತ ಮಾತ್ರ. ಅದರ ಕೆಳಗೆ ಮುಂಗಡ ಹಣದ ಬಟನ್ ಬೇರೆ ಇದ್ದರೆ ಹೇಳುವುದೇ ಬೇಡ.

‘ಎರಡು ಇಪ್ಪತ್ತು’ ಅನ್ನುವುದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಅದರಲ್ಲಿ ನಾನೇ ಬಿದ್ದಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಜಮೀನಿನ ವಿವರ ತುಂಬುವ ಫಾರಂ ಮಾಡಿಕೊಟ್ಟಿದ್ದೆ. ‘ವಿಸ್ತೀರ್ಣ, ಎಕರೆಗಳಲ್ಲಿ’ ಅಂತ ಒಂದೇ ಖಾನೆ. ಜನ 2.20 ಅಂತ ತುಂಬಿದರು. ಅವರ ಲೆಕ್ಕದಲ್ಲಿ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಒಂದು ಎಕರೆಗೆ 40 ಗುಂಟೆ ಅಲ್ವಾ? ನಮ್ಮ ಕಂಪ್ಯೂಟರಿಗೆ ಅದು ದಶಾಂಶ. 2 ಎಕರೆ 8 ಗುಂಟೆ ಅಂತ ಲೆಕ್ಕ ಹಾಕಿತು. ಒಬ್ಬೊಬ್ಬರದೂ ಹೀಗೆ 10, 12 ಗುಂಟೆ ಮಾಯ. ಯಾರೂ ದೂರಲಿಲ್ಲ, ಯಾಕೆಂದರೆ ಪರದೆಯ ಮೇಲೆ ಅವರು ಬರೆದಂತೆಯೇ ಕಾಣುತ್ತಿತ್ತು. ಮೊತ್ತ ತಾಳೆಯಾಗದೆ ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಅಂಕಿಗಳ ಪಟ್ಟಿ ನೋಡುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: “ಸರ್, ಚುಕ್ಕಿ ಆದಮೇಲೆ 39ಕ್ಕಿಂತ ಜಾಸ್ತಿ ಒಂದೂ ಇಲ್ವಲ್ಲ, ಯಾಕೆ?” ಆಗ ನಮಗೆ ಬುದ್ಧಿ ಬಂತು. ನೀವು ಎಕರೆ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಿದ್ದರೆ ಇವತ್ತೇ ನಿಮ್ಮ ಪಟ್ಟಿಯಲ್ಲಿ ಇದನ್ನು ನೋಡಿ. ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಖಾನೆ ಇಡಿ.

ಈಗ ‘ಆ್ಯಪ್ ಪೂರ್ತಿ ಕನ್ನಡದಲ್ಲಿದೆ’ ಅನ್ನುವ ಮಾತಿಗೆ ಬರೋಣ. ಕನ್ನಡಕ್ಕೆ ತಿರುಗಿಸಿದ್ದು ಮತ್ತು ಕನ್ನಡದಲ್ಲಿ ಮಾಡಿದ್ದು, ಇವೆರಡೂ ಒಂದಲ್ಲ. ನಿಮ್ಮ ಆ್ಯಪ್ ನಾನು ನೋಡಿಲ್ಲ. ಆದರೆ ಸಾಮಾನ್ಯವಾಗಿ ಎಲ್ಲಿ ಎಡವುತ್ತೇವೆ ಅನ್ನುವುದು ಗೊತ್ತು.

ಅಗ್ಗದ ಒಂದು ಫೋನಿನಲ್ಲಿ, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡು ನಿಮ್ಮ ಆ್ಯಪ್ ತೆಗೆಯಿರಿ. ‘ಟ್ರ್ಯಾಕ್ಟರ್’ ಅನ್ನುವ ಪದವನ್ನೇ ನೋಡಿ. ಮೊದಲ ಅಕ್ಷರದ ಕೆಳಗೆ ರ ಒತ್ತು, ಅದರ ಪಕ್ಕ ಯ ಒತ್ತು. ಇಂಗ್ಲಿಷಿಗೆ ಅಳತೆ ಮಾಡಿದ ಬಟನ್ ಆದರೆ ಒತ್ತಿನ ಬುಡ ಕತ್ತರಿಸಿ ಹೋಗಿರುತ್ತದೆ. ನೀವು ಪದ ಬಲ್ಲವರು, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಕೂಡಿಸಿಕೊಂಡು ಓದುವವರಿಗೆ ಅಲ್ಲೇ ತಡೆಯುತ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಬಟನ್ನಿನ ಎತ್ತರವನ್ನು ಕನ್ನಡ ಹಾಕಿಯೇ ಅಳೆಯಿರಿ.

ಎಸ್ಸೆಮ್ಮೆಸ್ ಕಳಿಸುತ್ತೀರಾದರೆ ಇನ್ನೊಂದು ಲೆಕ್ಕ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದೂ ನಾವು ಅಕ್ಷರ ಅನ್ನುವುದು ಬೇರೆ, ಕಂಪ್ಯೂಟರಿನ ಅಕ್ಷರಪದ್ಧತಿ ಯೂನಿಕೋಡ್ ಎಣಿಸುವುದು ಬೇರೆ. ‘ಟ್ರ್ಯಾಕ್ಟರ್’ ನಮಗೆ ಮೂರಕ್ಷರ. ಅದರ ಲೆಕ್ಕದಲ್ಲಿ 11. ಇಂಥ ಆರು ಪದ ಬಂದರೆ ಒಂದು ಸಂದೇಶ ತುಂಬಿತು. ‘ಮಾನ್ಯ ಗ್ರಾಹಕರೇ’ ಅಂತ ಶುರು ಮಾಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಮೂರನೆಯದು ನನ್ನ ಖಾಸಾ ಸಿಟ್ಟು. ‘ಊರಿನ ಹೆಸರು + ಗೆ ಗಾಡಿ ಹೊರಟಿದೆ’ ಅಂತ ಕೋಡಿನಲ್ಲಿ ಅಚ್ಚು ಮಾಡಿಟ್ಟಿರುತ್ತಾರೆ. ಚಳ್ಳಕೆರೆಗೆ ಸರಿ. ಹೊಸದುರ್ಗ ಬಂದರೆ ‘ಹೊಸದುರ್ಗಗೆ’, ಹಿರಿಯೂರು ಬಂದರೆ ‘ಹಿರಿಯೂರುಗೆ’. ಹೊಸದುರ್ಗಕ್ಕೆ, ಹಿರಿಯೂರಿಗೆ ಅಂತ ಎಳೆ ಮಗುವೂ ಹೇಳುತ್ತದೆ. ಇಂಥ ಒಂದು ಸಾಲು ಕಂಡರೆ ಸಾಕು, ಇದು ನಮ್ಮವರು ಮಾಡಿದ್ದಲ್ಲ ಅಂತ ಜನ ತೀರ್ಮಾನಿಸಿಬಿಡುತ್ತಾರೆ. ಪರಿಹಾರ ಸುಲಭ. ‘ಗಾಡಿ ಹೊರಟಿದೆ. ಊರು: ಹೊಸದುರ್ಗ’ ಅಂತ ಬರೆಯಿರಿ. ಇನ್ನು ‘ಮೊದಲ ಹೆಸರು’, ‘ಕೊನೆಯ ಹೆಸರು’ ಅಂತ ಎರಡು ಖಾನೆ ಇದ್ದರೆ ತೆಗೆದುಹಾಕಿ. ಹೆಸರಿನ ಮುಂದೆ ಊರಿನದೋ ತಂದೆಯದೋ ಇನಿಷಿಯಲ್ ಇರುವವರು ಅಲ್ಲಿ ಏನು ತುಂಬಬೇಕು?

ಐಕಾನ್‌ಗಳು ಎಲ್ಲರಿಗೂ ಅರ್ಥವಾಗುತ್ತವೆ ಅನ್ನುವುದೂ ಒಂದು ನಂಬಿಕೆ, ಅಷ್ಟೇ. ಮೂರು ಗೆರೆಯ ಚಿಹ್ನೆ ಮೆನು ಅಂತ ಗೊತ್ತಿರುವುದು ಅದನ್ನು ಕಲಿತವರಿಗೆ. ಚಿತ್ರದ ಪಕ್ಕ ಪದ ಇರಲಿ.

ಲಾಗಿನ್ ಬಗ್ಗೆ ನೀವು ಏನೂ ಬರೆದಿಲ್ಲ. ನನಗೆ ಅನುಮಾನ ಇರುವುದು ಅಲ್ಲೇ. ತುಂಬ ಮನೆಗಳಲ್ಲಿ ದೊಡ್ಡ ಫೋನ್ ಮಗನದೋ ಮಗಳದೋ ಆಗಿರುತ್ತದೆ, ಯಜಮಾನರ ಹತ್ತಿರ ಕೀಪ್ಯಾಡ್ ಫೋನ್ ಇರುತ್ತದೆ. ಆ್ಯಪ್ ಇರುವುದು ಒಂದರಲ್ಲಿ, ಅಪ್ಪ ಹೇಳುವ ನಂಬರ್ ಇನ್ನೊಂದರದು. ಓಟಿಪಿ ಹೊಲದಲ್ಲಿರುವ ಫೋನಿಗೆ ಹೋಗುತ್ತದೆ. ಅದರ ಸಮಯ ಕಳೆದು ಮುಗಿಯಿತು. ಡೌನ್‌ಲೋಡ್ ಸಾವಿರ, ಬುಕಿಂಗ್ ಇಪ್ಪತ್ತರೊಳಗೆ ಅನ್ನುವ ಅಂತರದಲ್ಲಿ ಎಷ್ಟು ಜನ ಈ ಬಾಗಿಲಲ್ಲೇ ನಿಂತರು ಅಂತ ನಿಮ್ಮ ಸರ್ವರಿನಲ್ಲೇ ಎಣಿಸಬಹುದು. ಮೊದಲು ಅದನ್ನು ನೋಡಿ. ಬಾಡಿಗೆ ಎಷ್ಟು, ಯಾವ ಗಾಡಿ ಇದೆ ಅಂತ ನೋಡುವುದಕ್ಕೂ ಲಾಗಿನ್ ಕೇಳುತ್ತಿದ್ದರೆ ಅದನ್ನು ಕಿತ್ತುಹಾಕಿ.

ಎಷ್ಟು ಜನರ ಹತ್ತಿರ ಪರೀಕ್ಷೆ ಮಾಡಬೇಕು ಅಂತ ನೀವು ಕೇಳದಿದ್ದರೂ ಮುಂದೆ ಕೇಳಿಯೇ ಕೇಳುತ್ತೀರಿ. ಐದು ಜನ ಸಾಕು ಅನ್ನುವ ಮಾತು ಬಳಕೆ ಪರೀಕ್ಷೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು. ಐವರ ಜೊತೆ ಕೂತರೆ ಸುಮಾರು 85% ತೊಡಕುಗಳು ಕಾಣುತ್ತವೆ ಅನ್ನುವ ಲೆಕ್ಕ. ಜನ ಮರೆಯುವುದು ಅದರ ಷರತ್ತನ್ನು: ಐವರೂ ಒಂದೇ ಬಗೆಯ ಬಳಕೆದಾರರಾಗಿರಬೇಕು, ಸರಿಪಡಿಸಿ ಮತ್ತೆ ಐವರ ಹತ್ತಿರ ಹೋಗಬೇಕು. ನಿಮ್ಮಲ್ಲಿ ರೈತರು ಒಂದು ಗುಂಪು, ಅವರಿಗೆ ಫೋನ್ ಒತ್ತಿಕೊಡುವ ಮಕ್ಕಳು ಇನ್ನೊಂದು, ಗಾಡಿ ಮಾಲೀಕರು ಮತ್ತೊಂದು, ಡ್ರೈವರ್‌ಗಳು ಬೇರೆಯೇ. ಒಂಟಿಯಾಗಿ ಜಮೀನು ನೋಡಿಕೊಳ್ಳುವ ಹೆಣ್ಣುಮಕ್ಕಳನ್ನು ಬಿಡಬೇಡಿ. ಗೊತ್ತಿಲ್ಲದ ಡ್ರೈವರಿಗೆ ತಮ್ಮ ನಂಬರ್ ಸಿಗುವುದು ಅವರಿಗೆ ಬೇಕಾಗಿರುವುದಿಲ್ಲ, ನೀವು ಕೇಳದಿದ್ದರೆ ಹೇಳುವುದೂ ಇಲ್ಲ.

ಕೂತಾಗ ‘ಹೇಗಿದೆ?’ ಅಂತ ಮಾತ್ರ ಕೇಳಬೇಡಿ. ಮನೆಗೆ ಬಂದವರಿಗೆ ಕಾಫಿ ಕೊಟ್ಟು ‘ಚೆನ್ನಾಗೈತೆ’ ಅನ್ನುವುದು ನಮ್ಮ ಮರ್ಯಾದೆ. ಅದನ್ನು ನಂಬಿ ಹಾಳಾದವರು ಬಹಳ. ‘ನಾಳಿದ್ದು ರೋಟವೇಟರ್ ಬೇಕು ಅಂದುಕೊಳ್ಳಿ, ಮಾಡಿ ತೋರಿಸಿ’ ಅಂತ ಫೋನ್ ಅವರ ಕೈಗೆ ಕೊಡಿ. ಆಮೇಲೆ ಬಾಯಿ ಮುಚ್ಚಿಕೊಂಡು ಬೆರಳು ನೋಡಿ. ಬೆರಳು ಎಲ್ಲಿ ಗಾಳಿಯಲ್ಲಿ ನಿಲ್ಲುತ್ತದೋ ಅಲ್ಲಿ ನಿಮ್ಮ ಕೆಲಸ ಇದೆ. ಸಹಾಯ ಮಾಡಲು ಕೈ ತುರಿಸುತ್ತದೆ, ತಡೆದುಕೊಳ್ಳಿ.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ದಾರಿಗಳು.

ಇರುವ ಆ್ಯಪನ್ನೇ ತಿದ್ದುವುದು ಒಂದು. ಲಾಗಿನ್ ತೆಗೆದು, ಕರೆ ಮಾಡುವ ಬಟನ್ ಮೇಲಕ್ಕೆ ತಂದು, ಮಾಲೀಕರ ಹೆಸರು, ಡ್ರೈವರ್ ಫೋಟೊ ಹಾಕುವುದು. ಖರ್ಚು ಕಡಿಮೆ. ಅಪಾಯ ಏನೆಂದರೆ, ಹದದಂಥ ಬುಡದ ಸಮಸ್ಯೆಯನ್ನು ಬಿಟ್ಟು ಬಣ್ಣ ಬಳಿಯುತ್ತಾ ಕೂರುತ್ತೀರಿ.

ಎರಡನೆಯದು ನನಗೆ ಇಷ್ಟವಾದದ್ದು, ನಿಮಗೆ ಇಷ್ಟವಾಗಲಿಕ್ಕಿಲ್ಲ. ಒಂದು ಹಂಗಾಮು ಆ್ಯಪನ್ನು ಹಿಂದಕ್ಕೆ ಸರಿಸಿ, ಒಂದು ಫೋನ್ ನಂಬರ್, ಒಂದು ವಾಟ್ಸ್ಆ್ಯಪ್, ಒಂದು ರಿಜಿಸ್ಟರ್ ಇಟ್ಟುಕೊಂಡು ಕೈಯಲ್ಲೇ ನಡೆಸಿ. ಸಾಲು ಹೇಗೆ ಕಟ್ಟುತ್ತದೆ, ಮಳೆ ಬಂದ ದಿನ ಏನಾಗುತ್ತದೆ, ಯಾರು ಯಾರಿಗೆ ಸಾಲ ಹೇಳುತ್ತಾರೆ, ಎಲ್ಲ ನಿಮ್ಮ ಮೈಮೇಲೆ ಬರುತ್ತದೆ. ಅದೇ ನಿಮ್ಮ ಮುಂದಿನ ಆ್ಯಪಿನ ನಕ್ಷೆ. ಅಪಾಯಗಳಿವೆ. ಮಳೆ ಬಿದ್ದ ಮರುದಿನ ಮೂವರೂ ಊಟ ಬಿಟ್ಟು ಫೋನ್ ಎತ್ತಬೇಕಾಗುತ್ತದೆ. ಜನರ ವಿವರ ನಿಮ್ಮ ಸ್ವಂತ ಫೋನಿನಲ್ಲಿ ಕೂರುತ್ತದೆ, ಹಾಗಾಗಿ ಕೆಲಸಕ್ಕೆಂದೇ ಬೇರೆ ಫೋನ್ ಇಡಿ. ಮೂರು ತಿಂಗಳಾದ ಮೇಲೆ ‘ಇದೇ ನಡೀತಿದೆಯಲ್ಲ’ ಅಂತ ಅಲ್ಲೇ ನಿಂತುಬಿಡುವ ಸಾಧ್ಯತೆಯೂ ಇದೆ. ಕೊನೆಯ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮೂರನೆಯದು ಊರಿಗೊಬ್ಬರನ್ನು ಹಿಡಿದು ಅವರ ಮೂಲಕ ಬುಕ್ ಮಾಡಿಸುವುದು. ‘ನೀವೇ ಮಾಡ್ಕೊಡಿ’ ಅನ್ನುವವರಿಗೆ ಸರಿಯಾದ ಉತ್ತರ. ಆದರೆ ಗಿರಾಕಿ ನಿಮ್ಮವರಾಗಿ ಉಳಿಯುವುದಿಲ್ಲ, ಆ ಮನುಷ್ಯನವರಾಗುತ್ತಾರೆ. ಅವನು ತನ್ನ ಕಡೆಯವರಿಗೆ ಮೊದಲು ಗಾಡಿ ಕೊಡಿಸಿದರೆ ಹೆಸರು ಕೆಡುವುದು ನಿಮ್ಮದು.

ವಾಯ್ಸ್ ಬಗ್ಗೆ ಆಸೆಯಿಂದ ಕೇಳಿದ್ದೀರಿ. ಆ್ಯಪ್ ಮಾತಾಡುವುದು ಒಂದು, ಆ್ಯಪ್ ಕೇಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಧೈರ್ಯವಾಗಿ ಹಾಕಿ. ನಿಮ್ಮ ತಾಲ್ಲೂಕಿನವರದೇ ದನಿಯಲ್ಲಿ ಹತ್ತು ಹನ್ನೆರಡು ವಾಕ್ಯ ರೆಕಾರ್ಡ್ ಮಾಡಿ ಪ್ರತಿ ಪರದೆಗೂ ಒಂದು ಸ್ಪೀಕರ್ ಗುರುತು ಇಟ್ಟರೆ ಸಾಕು. ಎರಡನೆಯದಕ್ಕೆ ಈಗಲೇ ಕೈ ಹಾಕಬೇಡಿ. ಹೊಲದ ಗಾಳಿ, ಪಕ್ಕದಲ್ಲಿ ಎಂಜಿನ್ ಸದ್ದು, ‘ಒಂದೂಮುಕ್ಕಾಲು’, ‘ಎರಡು ಇಪ್ಪತ್ತು’ ಅನ್ನುವ ಲೆಕ್ಕ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಒಂದು ಅಂಕಿ ತಪ್ಪು ಕೇಳಿಸಿಕೊಂಡರೂ ಗಾಡಿ ತಪ್ಪು ದಿನ ಬಂದು ನಿಲ್ಲುತ್ತದೆ. ಅದರ ಬದಲು ವಾಯ್ಸ್ ಮೆಸೇಜ್ ಕಳಿಸಲು ಬಿಡಿ, ಸದ್ಯಕ್ಕೆ ಮನುಷ್ಯರೇ ಕೇಳಲಿ. ವಾಟ್ಸ್ಆ್ಯಪ್‌ನಲ್ಲಿ 2013ರಿಂದ ಆ ಗುಂಡಿ ಇದೆ, ಯಾರಿಗೂ ಕಲಿಸಬೇಕಾಗಿಲ್ಲ.

ಯಾವ ದಾರಿ ಹಿಡಿದರೂ ಒಂದು ಮಾತು. ಆ್ಯಪ್ ತೆಗೆದ ಕೂಡಲೇ ಲೊಕೇಶನ್, ಕಾಂಟ್ಯಾಕ್ಟ್ ಎಲ್ಲ ಕೇಳುವ ಚಾಳಿ ಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲೋ, ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದದ್ದರಲ್ಲೋ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು. ಕನ್ನಡವೂ ಅದರಲ್ಲಿದೆ. ಆ ಬರಹವನ್ನು ವಕೀಲರ ಕನ್ನಡದಲ್ಲಿ ಬರೆಸದೆ ನೀವೇ ಬರೆದು ವಕೀಲರಿಗೆ ತೋರಿಸಿ.

ಇನ್ನು ನಿಮ್ಮ ಜಗಳ. ‘ಕಾಯ್ದಿರಿಸಿ’ ಅಂದರೆ ರೈಲು ನೆನಪಾಗುತ್ತದೆ, ‘ಬುಕ್ ಮಾಡಿ’ ಪರವಾಗಿಲ್ಲ. ಆದರೆ ಆ ನೋಟ್‌ಬುಕ್ಕಿನಲ್ಲಿ ಈ ಎರಡು ಪದ ಎಷ್ಟು ಸಲ ಬಂದಿವೆ ನೋಡಿ. ‘ಟ್ರ್ಯಾಕ್ಟರಿಗೆ ಹೇಳಿದೀನಿ’, ‘ಗಾಡಿ ಬೇಕಿತ್ತು’ ಅನ್ನುವುದನ್ನೇ ನಾನು ಜಾಸ್ತಿ ಕೇಳಿದ್ದೇನೆ. ನಿಮ್ಮಲ್ಲೂ ಹಾಗೇ ಇದ್ದರೆ ಬಟನ್ ಮೇಲೆ ‘ಗಾಡಿ ಬೇಕು’ ಅಂತ ಹಾಕಿ. ಅದರಲ್ಲಿ ಒಂದೂ ಒತ್ತಕ್ಷರ ಇಲ್ಲ, ಕೆಳಗೆ ಕತ್ತರಿಸಿ ಹೋಗುವ ಭಯವೂ ಇಲ್ಲ.